ಅಳಿಯಂದಿರಿಗೆ ಹೊಳೆದದ್ದು

"ಈ ಭಾನುವಾರ ಸಂಜೆಯೊಳಗೆ ಈ ಮನೇಲಿ ಒಂದು ಕ್ರಾಂತಿ ಆಗತ್ತೆ, ನೋಡ್ತಾ ಇರು!"

ಹೀಗೆಂದು ಘೋಷಿಸುವಾಗ ನಮ್ಮ ಸೂಪರ್‌ವೈಸರು ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದರು. ಹುಟ್ಟಿದಾಗಿನಿಂದ ಬಲಗೈಯವರು. ಹಾಗಾಗಿ ಪೇಸ್ಟಿನ ನೊರೆ ಹಲ್ಲಿಗೆ ತಗುಲಿದ್ದಕ್ಕಿಂತ ಹೆಚ್ಚಾಗಿ ಕಿವಿಗೆ, ಬನಿಯನ್ನಿಗೆ, ಎದುರಿನ ಕನ್ನಡಿಗೆ ತಗುಲಿತ್ತು.

"ಕ್ರಾಂತಿ ಆಮೇಲೆ ಮಾಡಿ. ಮೊದಲು ಆ ಕನ್ನಡಿ ಒರೆಸಿ," ಎಂದಳು ಹೆಂಡತಿ.

"ನಿನಗೆ ಅರ್ಥ ಆಗಲ್ಲ ಕಣೇ. ಎಡಗೈಲಿ ಉಜ್ಜಿದ್ರೆ ಬಲಗಡೆ ಮೆದುಳು ಎಚ್ಚರ ಆಗತ್ತೆ."

"ಎಡಗಡೇದು ಎದ್ದಿದೆಯಾ?"

ಸೂಪರ್‌ವೈಸರು ಇನ್ನೂ ಜೋರಾಗಿ ಉಜ್ಜತೊಡಗಿದರು. ಮಹಾಕಾರ್ಯಕ್ಕೆ ಕೈ ಹಾಕಿದವರು ಇಂಥ ಸಣ್ಣಪುಟ್ಟ ಚುಚ್ಚುಮಾತಿಗೆಲ್ಲ ಕಿವಿಗೊಡಬಾರದು. ಅದೂ ಕಿವಿ ತುಂಬ ನೊರೆ ಇರುವಾಗ!

ಅವರಿಗೆ ಈ ಹುಚ್ಚು ಹತ್ತಿದ್ದು ಕೆಲಸದ ಜಾಗದಲ್ಲಿ. ರಟ್ಟಿನ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗಕ್ಕೆ ಅವರು ಸೂಪರ್‌ವೈಸರು. ಅಂಟಿನ ವಾಸನೆ, ಮೂಗಿಗೆ ಅಡರುವ ರಟ್ಟಿನ ಧೂಳು, ಬೆಳಗಿನಿಂದ ಸಂಜೆವರೆಗೆ ಕತ್ತರಿಸುವ ಯಂತ್ರದ ಕಟಕಟ. ಇದರ ನಡುವೆ ಯಾವ ಮನುಷ್ಯನಿಗೆ ಏನು ತಾನೇ ಹೊಳೆದೀತು? ಇವರಿಗಂತೂ ಹೊಸದು ಹೊಳೆಯುವುದಿರಲಿ, ಹಳೆಯದೂ ನೆನಪಿರುತ್ತಿರಲಿಲ್ಲ. ಛತ್ರಿ ತಂದ ದಿನ ಛತ್ರಿ ಮರೆಯುವರು, ಅದನ್ನು ತರಲು ಹಿಂದಿರುಗಿದ ದಿನ ಯಾಕೆ ಬಂದೆನೆಂದು ಮರೆಯುವರು. ಕಳೆದ ತಿಂಗಳು ‘ಈ ಬದಿ ಮೇಲಿರಲಿ’ ಎಂಬ ಬಾಣದ ಗುರುತು ಕೆಳಮುಖವಾಗಿ ಅಚ್ಚಾಗಿದ್ದ ಪೆಟ್ಟಿಗೆಗಳನ್ನು ನೋಡಿ, ಭೇಷ್ ಎಂದು ತಲೆದೂಗಿ ಕಳಿಸಿಕೊಟ್ಟಿದ್ದರು. ಒಂದು ಲಾರಿ ಪಿಂಗಾಣಿ ಬಟ್ಟಲುಗಳು ದಾರಿಯುದ್ದಕ್ಕೂ ತಲೆಕೆಳಗಾಗಿ ಪ್ರಯಾಣ ಮಾಡಿ, ಚೂರಾಗಿ ಅಂಗಡಿ ಸೇರಿದವು.

ಮ್ಯಾನೇಜರು ಬೈಯಲಿಲ್ಲ. ಭಯ ಹುಟ್ಟಿಸಿದ್ದು ಅದೇ. ಅವರು ಎಲ್ಲರನ್ನೂ ಕ್ಯಾಂಟೀನಿನ ಮಹಡಿಯಲ್ಲಿ ಕೂರಿಸಿ, ಸೃಜನಶೀಲ ಚಿಂತನೆ, ನೆನಪಿನ ಶಕ್ತಿ ಮತ್ತು ಹೊಸತನ ಬೆಳೆಸುವ ತರಬೇತಿ ಏರ್ಪಡಿಸಿದರು. "ಹೊಸದಾಗಿ ಯೋಚನೆ ಮಾಡಕ್ಕೆ ಆಗದೇ ಇರೋರು ಹೊಸ ಕೆಲಸದ ಯೋಚನೆ ಮಾಡ್ಬೇಕಾಗತ್ತೆ," ಎಂದು ನಗುನಗುತ್ತಲೇ ಹೇಳಿದರು. ಹೇಳುವಾಗ ಅವರ ಕಣ್ಣು ನಮ್ಮವರ ಮೇಲೇ ನೆಟ್ಟಿತ್ತು.

ತರಬೇತಿ ಕೊಡಲು ಬಂದವನು ಮಾತಿನ ಮಲ್ಲ. ಬಂದವನೇ ಜೇಬಿನಿಂದ ಒಂದು ಬಾಚಣಿಗೆ ತೆಗೆದು, "ತಲೆ ಬಾಚೋದು ಬಿಟ್ಟು ಇದರಿಂದ ಬೇರೆ ಏನೇನು ಉಪಯೋಗ ಇದೆ, ಹೇಳಿ!" ಎಂದ. ನುಣ್ಣನೆಯ ಬೋಳುತಲೆಯ ಅಕೌಂಟೆಂಟು ಎದ್ದು ನಿಂತು, "ನನಗೆ ಮೊದಲಿಂದಲೂ ಬೇರೆ ಉಪಯೋಗಾನೇ ಸಾರ್," ಎಂದು ಬೆನ್ನು ಕೆರೆದು ತೋರಿಸಿದರು. ಭಾರಿ ಚಪ್ಪಾಳೆ ಬಿತ್ತು. ಅಕೌಂಟೆಂಟು ಬಚಾವಾದ ಎಂದುಕೊಂಡು ನಮ್ಮವರು ಇನ್ನಷ್ಟು ಬೆವರಿದರು.

ಆಮೇಲೆ ನೆನಪಿನ ಗುಟ್ಟು. ಏನನ್ನಾದರೂ ನೆನಪಿಡಬೇಕಾದರೆ ಅದಕ್ಕೊಂದು ವಿಚಿತ್ರ ಚಿತ್ರ ಅಂಟಿಸಬೇಕು. ಚಿತ್ರ ಎಷ್ಟು ಅಸಂಬದ್ಧವೋ ನೆನಪು ಅಷ್ಟು ಗಟ್ಟಿ! ಕೊನೆಯಲ್ಲಿ ಹೊಸತನದ ಗುಟ್ಟು. "ನಿಮ್ಮ ಮನೇಲಿ ಕಣ್ಣು ಮುಚ್ಕೊಂಡು ಓಡಾಡಬಲ್ಲಿರಾ? ಓಡಾಡಬಲ್ಲೋರು ಕೈ ಎತ್ತಿ!" ಎಂದ. ಎಲ್ಲರೂ ಹೆಮ್ಮೆಯಿಂದ ಕೈ ಎತ್ತಿದರು. "ಹಾಗಾದ್ರೆ ನಿಮ್ಮೆಲ್ಲರ ಮೆದುಳೂ ಸತ್ತುಹೋಗಿದೆ!" ಎಂದ. ಎಲ್ಲರ ಕೈಗಳೂ ಸದ್ದಿಲ್ಲದೆ ಇಳಿದವು. "ಮನೇಲಿರೋ ಸಾಮಾನೆಲ್ಲ ಅದಲುಬದಲು ಮಾಡಿ. ಕೈಗೆ ಸಿಕ್ಕಿದ್ದು ಸಿಗಬಾರದು, ಕಾಲು ನಡೆದಲ್ಲಿ ನಡೀಬಾರದು. ಆಗ ನೋಡಿ, ಮೆದುಳು ಎದ್ದು ಕುಣಿಯತ್ತೆ! ಬದಲಾವಣೆಗೆ ಮುಂಚಿಂದು ಒಂದು ಫೋಟೊ, ಆಮೇಲಿಂದು ಒಂದು ಫೋಟೊ, ಸೋಮವಾರದೊಳಗೆ ಮ್ಯಾನೇಜರಿಗೆ ಕಳಿಸಿ."

ಇಲ್ಲಿ ಆ ಮನೆಯ ಇನ್ನೊಬ್ಬರನ್ನು ಪರಿಚಯ ಮಾಡಿಕೊಡಬೇಕು. ಹೆಂಡತಿಯ ತಾಯಿ, ನಮ್ಮವರ ಅತ್ತೆ. ಆಕೆಗೆ ಎರಡು ಕಣ್ಣೂ ಕಾಣಿಸುವುದಿಲ್ಲ.

ಕಣ್ಣು ಹೋದ ಮೇಲೆಯೇ ಆಕೆ ಮಗಳ ಮನೆಗೆ ಬಂದದ್ದು. ಆ ಮನೆಯನ್ನು ಆಕೆ ಒಂದು ದಿನವೂ ನೋಡಿದವರಲ್ಲ. ಅಳಿಯನನ್ನು ಚೆನ್ನಾಗಿ ನೋಡಿದ್ದು ಮದುವೆಯ ದಿನ. ಹಾಗಾಗಿ ಅತ್ತೆಯ ಪಾಲಿಗೆ ಅವರು ಇಂದಿಗೂ ತಲೆ ತುಂಬ ಕೂದಲಿರುವ, ಹೊಟ್ಟೆಯೇ ಇಲ್ಲದ ಹುಡುಗ. ಇಡೀ ಪ್ರಪಂಚದಲ್ಲಿ ತಮ್ಮನ್ನು ಹಾಗೆ ಕಾಣುವವರು ಅವರೊಬ್ಬರೇ ಎಂದು ಸೂಪರ್‌ವೈಸರಿಗೆ ಅತ್ತೆಯ ಮೇಲೆ ವಿಶೇಷ ಪ್ರೀತಿ.

ಆ ಮನೆಯನ್ನು ಅತ್ತೆ ಕಲಿತದ್ದು ಹೇಗೆಂದು ಮಗಳಿಗೆ ಗೊತ್ತು. ಮೊದಲು ಮಗಳ ಕೈ ಹಿಡಿದು ನಡೆದರು, ಆಮೇಲೆ ಗೋಡೆ ಹಿಡಿದು ನಡೆದರು, ಕೊನೆಗೆ ಏನನ್ನೂ ಹಿಡಿಯದೆ ನಡೆದರು. ಮೊಣಕಾಲು, ಮೊಣಕೈ, ಹಣೆ, ಎಲ್ಲ ಕಡೆ ತಾಗಿಸಿಕೊಂಡು ಕಲಿತದ್ದು. ಕಲಿತ ಮೇಲೆ ಮಾತ್ರ ಮನೆಯೊಳಗೆ ರಾಣಿಯ ಹಾಗೆ ಓಡಾಡುವರು. ಫ್ರಿಜ್ಜಿನ ಗುಂಯ್ ಸದ್ದಿನ ಬಳಿ ಎಡಕ್ಕೆ, ಗಡಿಯಾರದ ಟಿಕ್‌ಟಿಕ್ ಬೆನ್ನಿಗೆ ಬಿದ್ದರೆ ನೇರಕ್ಕೆ ಅಡುಗೆಮನೆ. ಬಾಗಿಲಿನ ಪಕ್ಕದ ಗೋಡೆಗೆ ಒರಗಿದಂತೆ ಬೆತ್ತದ ಕುರ್ಚಿ. ಅದರ ತೋಳುಗಳು ಆಕೆಯ ಅಂಗೈ ಉಜ್ಜಿ ಉಜ್ಜಿ ಹೊಳೆಯುತ್ತಿದ್ದವು. ಹೊರಗೆ ಹೋದರೆ ಮಗಳ ಕೈ ಗಟ್ಟಿಯಾಗಿ ಹಿಡಿಯುವರು. ವಾಪಸು ಬಂದು ಹೊಸ್ತಿಲು ಕಾಲಿಗೆ ತಾಗಿದ ಕೂಡಲೇ, "ಬಿಡು, ಮನೆ ಬಂತು," ಎಂದು ಕೈ ಕೊಡವಿಕೊಳ್ಳುವರು. ಆ ಮಾತು ಹೇಳುವಾಗ ಆಕೆಯ ಗಲ್ಲ ಒಂದು ಚೂರು ಮೇಲಕ್ಕೇಳುತ್ತಿತ್ತು.

ಎಷ್ಟು ಚೆನ್ನಾಗಿ ಓಡಾಡುತ್ತಿದ್ದರೆಂದರೆ, ಆಕೆಗೆ ಕಣ್ಣಿಲ್ಲವೆಂಬುದನ್ನೇ ಜನ ಮರೆತಿದ್ದರು. ಕರೆಂಟಿನ ಮೀಟರ್ ನೋಡಲು ಬಂದವನು ಚೀಟಿಯನ್ನು ಆಕೆಯ ಮುಖಕ್ಕೆ ಹಿಡಿಯುವನು. "ಕನ್ನಡಕ ಒಳಗಿದೆ ಮಗಾ, ನೀನೇ ಓದು," ಎನ್ನುವರು ಅತ್ತೆ. ಅಳಿಯಂದಿರಂತೂ ದಿನಾ ಬೆಳಗ್ಗೆ, "ಅತ್ತೇ, ಪೇಪರ್ ನೀವು ನೋಡ್ತೀರಾ, ನಾನು ತಗೊಳ್ಳಲಾ?" ಎಂದು ಕೇಳುವರು. "ನೀವೇ ಮೊದಲು ನೋಡಿ ಅಳಿಯಂದಿರೇ, ನನಗೇನೂ ಅವಸರ ಇಲ್ಲ." ಅತ್ತೆ ಇದನ್ನು ಮರ್ಯಾದೆಯೆಂದೇ ತಿಳಿದಿದ್ದರು. ಒಂದು ಲೆಕ್ಕದಲ್ಲಿ ಅದು ಮರ್ಯಾದೆಯೇ ಆಗಿತ್ತು.

ಭಾನುವಾರ ಬಂತು. ಹೆಂಡತಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಆ ದಿನ ಡಾಕ್ಟರು ರಜೆಯಲ್ಲೂ ಕ್ಲಿನಿಕ್ ತೆರೆದು ಅವಳ ಅಮ್ಮನಿಗೆ ಹೊಸ ಹಲ್ಲಿನ ಸೆಟ್ಟು ಕೂರಿಸಿಕೊಡಲು ಒಪ್ಪಿದ್ದರು.

"ಕ್ರಾಂತಿ ಅಂದ್ರಲ್ಲ, ಅದೇನು?" ಎಂದಳು ಹೆಂಡತಿ ಚಪ್ಪಲಿ ಮೆಟ್ಟುತ್ತಾ.

"ಗುಟ್ಟು! ವಾಪಸ್ ಬಂದಾಗ ನಿನ್ನ ಮನೇನ ನೀನೇ ಗುರುತು ಹಿಡಿಯಲ್ಲ!"

"ಆ ಕಪಾಟಿನ ಧೂಳು ಹೊಡೆದ್ರೆ ಸಾಕು, ನಾನು ಗುರುತು ಹಿಡಿಯಲ್ಲ," ಎಂದು ಅಮ್ಮನ ಕೈ ಹಿಡಿದು ಹೊರಟಳು.

"ಅಳಿಯಂದಿರೇ, ಬರೋವಾಗ ಹೊಸ ಹಲ್ಲು ಹಾಕ್ಕೊಂಡು ಬರ್ತೀನಿ. ಮೊದಲು ನಿಮಗೇ ತೋರಿಸೋದು!" ಎಂದರು ಅತ್ತೆ.

ಬಾಗಿಲು ಮುಚ್ಚಿತು. ಸೂಪರ್‌ವೈಸರು ಲುಂಗಿ ಎತ್ತಿ ಕಟ್ಟಿದರು. ಆಹಾ, ಅದೇನು ಉತ್ಸಾಹ! ಸೋಫಾ ಎಳೆದು ಅಡ್ಡಲಾಗಿ ಹಾಕಿದರು. ಊಟದ ಮೇಜನ್ನು ಹಾಲಿನ ನಡುಮಧ್ಯಕ್ಕೆ ತಂದರು. ಫ್ರಿಜ್ಜಿನ ಬೆನ್ನಿಗೆ ಭುಜ ಕೊಟ್ಟು, ಉಸಿರು ಕಟ್ಟಿ ನೂಕಿ, ಅದನ್ನು ಮಲಗುವ ಕೋಣೆಯ ಬಾಗಿಲ ಬಳಿ ನಿಲ್ಲಿಸಿದರು. ಗಡಿಯಾರ ಎದುರು ಗೋಡೆಗೆ ಹೋಯಿತು. ಅಡುಗೆಮನೆಯ ಡಬ್ಬಿಗಳೆಲ್ಲ ತಮ್ಮ ತಮ್ಮ ನೆರೆಹೊರೆ ಬದಲಾಯಿಸಿಕೊಂಡವು. ಔಷಧಿಯ ಡಬ್ಬಿ, ಸುತ್ತಿಗೆ, ಟಾರ್ಚು, ಎಲ್ಲಕ್ಕೂ ಹೊಸ ವಿಳಾಸ. ಬೀರುವಿನ ಬೀಗದಕೈಯನ್ನು ಮಾತ್ರ ಬಹಳ ಯೋಚಿಸಿ ಒಂದು ಜಾಗದಲ್ಲಿಟ್ಟು, ತರಬೇತಿಯಲ್ಲಿ ಹೇಳಿದಂತೆ ಅದಕ್ಕೊಂದು ಅಸಂಬದ್ಧ ಚಿತ್ರ ಅಂಟಿಸಿದರು. ಕೆಂಪು ಚಡ್ಡಿ ತೊಟ್ಟ ಒಂದು ಆನೆ ಬೀಗದಕೈಯನ್ನು ಬಾಯಲ್ಲಿ ಕಚ್ಚಿಕೊಂಡು ಅಲ್ಲಿ ಕೂತಿದೆ! ಇನ್ನು ಮರೆಯುವ ಮಾತೇ ಇಲ್ಲ.

ಕೊನೆಗೆ ಉಳಿದದ್ದು ಅತ್ತೆಯ ಬೆತ್ತದ ಕುರ್ಚಿ. ಅದನ್ನು ಎತ್ತಿಕೊಂಡು ಸೂಪರ್‌ವೈಸರು ಒಂದು ಗಳಿಗೆ ಯೋಚಿಸಿದರು. ಪಾಪ, ಅತ್ತೆ ಇಷ್ಟು ವರ್ಷ ಗೋಡೆಯ ಮೂಲೆಯಲ್ಲಿ ಕೂತು ಕೂತು ಬೇಸತ್ತಿರಬೇಕು. ಕಿಟಕಿಯ ಪಕ್ಕ ಹಾಕಿದರೆ ಬೀದಿಯೆಲ್ಲ ಚೆನ್ನಾಗಿ ಕಾಣಿಸುತ್ತದೆ, ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂದುಕೊಂಡರು. ಹಾಗೆ ಅಂದುಕೊಂಡಾಗ ಅವರ ಮನಸ್ಸಿನಲ್ಲಿ ನಿಜವಾದ ಅಕ್ಕರೆ ಇತ್ತು. ಕುರ್ಚಿಯನ್ನು ಒರೆಸಿ, ಬೀದಿಗೆ ಮುಖ ಮಾಡಿ ಕಿಟಕಿಯ ಬಳಿ ಇಟ್ಟರು. ಮೇಲೆ ಒಂದು ಮೆತ್ತೆಯನ್ನೂ ಹಾಕಿದರು.

ಫೋಟೊ ತೆಗೆದರು, ಮ್ಯಾನೇಜರಿಗೆ ಕಳಿಸಿದರು. "ಮುಂಚಿಂದು ಎಲ್ಲಿ?" ಎಂದು ಮ್ಯಾನೇಜರು ಕೇಳಿದರು. ಮುಂಚಿನ ಫೋಟೊ ತೆಗೆಯುವುದೇ ಮರೆತುಹೋಗಿತ್ತು! ಆದರೆ ಎದ್ದು ಕೂತ ಮೆದುಳು ತಕ್ಷಣ ಕೆಲಸ ಮಾಡಿತು. "ಮುಂಚಿಂದು ನೋಡೋ ಹಾಗೇ ಇರಲಿಲ್ಲ ಸಾರ್," ಎಂದು ಬರೆದು ಕಳಿಸಿದರು. ಮ್ಯಾನೇಜರು ಚಪ್ಪಾಳೆಯ ಚಿತ್ರ ಕಳಿಸಿದರು. ಕೆಲಸ ಉಳಿಯಿತು!

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಸೂಪರ್‌ವೈಸರಿಗೆ ಇನ್ನೊಂದು ಹೊಸ ವಿಚಾರ ಹೊಳೆಯಿತು. ಸುಮ್ಮನೆ ಮೂಲೆಯಲ್ಲಿ ನಿಂತು, ಒಳಗೆ ಬಂದವರ ಮುಖದ ಮೇಲಿನ ಆಶ್ಚರ್ಯವನ್ನು ಫೋನಿನಲ್ಲಿ ಸೆರೆಹಿಡಿಯಬೇಕು. ಉಸಿರು ಬಿಗಿಹಿಡಿದು ನಿಂತರು.

ಹೊರಗಿನಿಂದ ಹೆಂಡತಿಯ ದನಿ, "ಅಮ್ಮಾ ನೀನು ಒಳಗೆ ಹೋಗು, ನಾನು ಒಣಗಿದ ಬಟ್ಟೆ ತೆಗೆದುಕೊಂಡು ಬರ್ತೀನಿ."

"ಬಿಡು, ಮನೆ ಬಂತು," ಎಂದರು ಅತ್ತೆ.

ಗಲ್ಲ ಮೇಲೆತ್ತಿ ಒಳಗೆ ಬಂದರು. ಹೊಸ ಹಲ್ಲು ಸಾಲಾಗಿ ಮಿಂಚುತ್ತಿತ್ತು. "ಅಳಿಯಂದಿರೇ, ಎಲ್ಲಿದ್ದೀರಿ? ನೋಡಿ ನನ್ನ ಹಲ್ಲು!" ಎಂದು ಬಾಯಿ ತುಂಬ ನಕ್ಕರು. ನಗುತ್ತಲೇ, ಪ್ರತಿದಿನ ತಿರುಗುವಂತೆ ಬಾಗಿಲ ಪಕ್ಕ ತಿರುಗಿದರು, ಪ್ರತಿದಿನ ಸರಿಪಡಿಸುವಂತೆ ಸೀರೆಯ ನೆರಿಗೆ ಸರಿಪಡಿಸಿದರು, ಪ್ರತಿದಿನ ಕೂರುವಂತೆ ಕೂತರು. ಕೂರಲು ಅಲ್ಲಿ ಏನೂ ಇರಲಿಲ್ಲ.

ಆ ಸದ್ದನ್ನು ಸೂಪರ್‌ವೈಸರು ಇಂದಿಗೂ ಮರೆತಿಲ್ಲ. ಅದಕ್ಕೆ ಯಾವ ಚಿತ್ರವನ್ನೂ ಅಂಟಿಸಬೇಕಾಗಲಿಲ್ಲ.

ಆದರೆ ಆ ಕ್ಷಣದಲ್ಲಿ ಅವರ ಬಾಯಿಂದ ಬಂದ ಮಾತು ಕೇಳಿ. ಫೋನು ಹಿಡಿದೇ ಓಡಿಬಂದು ಅವರು ಹೇಳಿದ್ದು, "ಅಯ್ಯಯ್ಯೋ ಅತ್ತೇ! ಕುರ್ಚಿ ಕಿಟಕಿ ಹತ್ರ ಇದೆಯಲ್ಲಾ, ಕಾಣಿಸ್ಲಿಲ್ವಾ?"

ಅತ್ತೆ ನೆಲದ ಮೇಲೆ ಬಿದ್ದಲ್ಲಿಂದಲೇ ಮುಖವನ್ನು ಅವರ ದನಿಯ ಕಡೆ ತಿರುಗಿಸಿದರು. ಹೊಸ ಹಲ್ಲು ಬಾಯಿಂದ ಹಾರಿ ಸೋಫಾದ ಕೆಳಗೆ ಹೋಗಿ ನಗುತ್ತಾ ಕೂತಿತ್ತು.

"ಇಲ್ಲ ಅಳಿಯಂದಿರೇ," ಎಂದರು ಮೆಲ್ಲಗೆ. "ಕಾಣಿಸಿ ತುಂಬಾ ವರ್ಷ ಆಯ್ತು."

ಸೂಪರ್‌ವೈಸರಿಗೆ ಆಗ ನೆನಪಾಯಿತು.

ಬಟ್ಟೆಯ ರಾಶಿ ಹೊತ್ತು ಒಳಗೆ ಬಂದ ಹೆಂಡತಿ ಒಂದು ಚೀತ್ಕಾರ ಹಾಕಿದಳು. ಮುಂದೆ ಆ ಮನೆಯಲ್ಲಿ ನಡೆದದ್ದು ನಗುವ ಸಂಗತಿಯಲ್ಲ, ಆದರೂ ಯಾರಾದರೂ ನೋಡಿದ್ದರೆ ನಗುತ್ತಿದ್ದರು. "ಐಸ್ ತನ್ನಿ!" ಎಂದಳು. ಸೂಪರ್‌ವೈಸರು ಅಡುಗೆಮನೆಗೆ ಓಡಿ, ಫ್ರಿಜ್ಜು ಇಲ್ಲದ್ದನ್ನು ಕಂಡು ಗಾಬರಿಯಾಗಿ ವಾಪಸು ಓಡಿಬಂದರು. "ನೋವಿನ ಮಾತ್ರೆ!" ಎಂದಳು. ಔಷಧಿಯ ಡಬ್ಬಿ ಇರುತ್ತಿದ್ದಲ್ಲಿ ಟಾರ್ಚು ಸಿಕ್ಕಿತು, ಟಾರ್ಚು ಇರುತ್ತಿದ್ದಲ್ಲಿ ಬೂಟ್ ಪಾಲಿಶ್ ಸಿಕ್ಕಿತು. "ಅಮ್ಮನ ಆಸ್ಪತ್ರೆ ಕಾಗದ ಬೀರುವಿನಲ್ಲಿದೆ, ಬೀಗದಕೈ ಎಲ್ರೀ?"

"ಆನೆ ಬಾಯಲ್ಲಿ!" ಎಂದರು ಸೂಪರ್‌ವೈಸರು.

"ಏನು?"

"ಕೆಂಪು ಚಡ್ಡಿ ಹಾಕಿದ ಆನೆ ಕಣೇ! ಬಾಯಲ್ಲಿ ಬೀಗದಕೈ ಇಟ್ಕೊಂಡು ಕೂತಿತ್ತು. ಆನೆ ಚೆನ್ನಾಗಿ ನೆನಪಿದೆ. ಎಲ್ಲಿ ಕೂತಿತ್ತು ಅನ್ನೋದೇ ಮರೆತುಹೋಯ್ತು!"

ಹೆಂಡತಿ ಗಂಡನ ಮುಖವನ್ನು ಒಮ್ಮೆ ನೋಡಿದಳು. ಬೀರುವಿನ ಬೀಗ ಒಡೆಯೋಣವೆಂದರೆ ಸುತ್ತಿಗೆಗೂ ಹೊಸ ವಿಳಾಸ! ಕೊನೆಗೆ ಒನಕೆಯಂಥ ಕಬ್ಬಿಣದ ಸರಳೊಂದನ್ನು ಹಿತ್ತಲಿಂದ ತಂದು ಅವಳೇ ಬೀಗ ಮುರಿದಳು. ಇಷ್ಟು ಹೊತ್ತೂ ಅತ್ತೆ ನೆಲದ ಮೇಲೆ ಮಲಗಿ, ತಲೆಯನ್ನು ಅತ್ತಿತ್ತ ತಿರುಗಿಸುತ್ತಿದ್ದರು. ಅಷ್ಟು ನೋವಿನಲ್ಲೂ ಆಕೆ ಹುಡುಕುತ್ತಿದ್ದದ್ದು ಗಡಿಯಾರದ ಸದ್ದನ್ನು.

"ಇದು ಯಾರ ಮನೆ?" ಎಂದರು ಒಮ್ಮೆ.

"ನಮ್ಮನೆ ಅಮ್ಮಾ," ಎಂದಳು ಮಗಳು ಅಳುತ್ತಾ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಸರಳು ಹಾಕಬೇಕಾಯಿತು. ಮೂಳೆಯ ಡಾಕ್ಟರು ಬಂದು, "ಹೇಗೆ ಬಿದ್ರಿ ಅಜ್ಜಿ?" ಎಂದು ಕೇಳಿದರು. ಹಾಸಿಗೆಯ ಒಂದು ಬದಿಗೆ ಮಗಳು, ಇನ್ನೊಂದು ಬದಿಗೆ ಅಳಿಯ. ಸೂಪರ್‌ವೈಸರು ತಪ್ಪೊಪ್ಪಿಗೆಗೆ ಬಾಯಿ ತೆರೆಯುವುದರಲ್ಲಿದ್ದರು, ಅಷ್ಟರಲ್ಲಿ ಅತ್ತೆಯೇ ಹೇಳಿದರು.

"ಕುರ್ಚಿ ಇದೆ ಅಂದ್ಕೊಂಡು ಕೂತೆ ಡಾಕ್ಟ್ರೇ. ವಯಸ್ಸಾಯ್ತಲ್ಲ, ನೆನಪು ಕೈ ಕೊಡತ್ತೆ."

ತೆರೆಯುತ್ತಿದ್ದ ಬಾಯಿಯನ್ನು ಸೂಪರ್‌ವೈಸರು ಮುಚ್ಚಿಕೊಂಡರು. ಎಂಥ ಒಳ್ಳೆಯ ಅತ್ತೆ ಎಂದುಕೊಂಡರು. ತಮ್ಮ ಬಗ್ಗೆ ಏನಂದುಕೊಳ್ಳಬೇಕೆಂದು ಅವರಿಗೆ ತೋಚಲಿಲ್ಲ.

"ಓಹೋ, ಮರೆವು ಶುರುವಾಗಿದೆಯಾ?" ಎಂದು ಡಾಕ್ಟರು ಮಗಳ ಕಡೆ ತಿರುಗಿದರು. "ಕಣ್ಣೂ ಇಲ್ಲ, ನೆನಪೂ ಇಲ್ಲ ಅಂದ್ರೆ ಕಷ್ಟ. ಇನ್ಮೇಲೆ ಮನೆ ಒಳಗೂ ಒಬ್ಬರನ್ನೇ ಓಡಾಡಕ್ಕೆ ಬಿಡಬೇಡಿ. ಯಾವಾಗಲೂ ಒಬ್ಬರು ಕೈ ಹಿಡ್ಕೊಂಡಿರಬೇಕು."

ಅತ್ತೆಯ ಗಲ್ಲ ಇಳಿದದ್ದನ್ನು ಇಬ್ಬರೂ ನೋಡಿದರು. ನೆನಪಿನ ತರಬೇತಿ ಪಡೆದವರು ಆಗಲೂ ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ ಹೆಂಡತಿ ಹೇಳಿದ್ದು ಒಂದೇ ಮಾತು, "ಅಮ್ಮಂಗೆ ಮರೆವಂತೆ. ಕೇಳಿಸ್ಕೊಂಡ್ರಾ?" ಆಮೇಲೆ ಎಷ್ಟೋ ದಿನ ಅವಳು ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಸೂಪರ್‌ವೈಸರಿಗೆ ಅನಿಸುತ್ತಿತ್ತು.

ಕಾರ್ಖಾನೆಯಲ್ಲಿ ಮಾತ್ರ ಜಯಘೋಷ! ಸೂಪರ್‌ವೈಸರ ಫೋಟೊಗೆ ಮೊದಲ ಬಹುಮಾನ. ಅದನ್ನು ದೊಡ್ಡದು ಮಾಡಿಸಿ ಕ್ಯಾಂಟೀನಿನ ಗೋಡೆಗೆ ಅಂಟಿಸಿದ್ದರು. "ಆ ಕಿಟಕಿ ಪಕ್ಕದ ಕುರ್ಚಿ ನೋಡ್ರಪ್ಪಾ! ಕೂತ್ರೆ ಇಡೀ ಬೀದಿ ಕಾಣತ್ತೆ. ಇದು ಹೊಸತನ ಅಂದ್ರೆ!" ಎಂದು ಮ್ಯಾನೇಜರು ಬೆನ್ನು ತಟ್ಟಿದರು. "ಯಾರಿಗೆ ಮಾಡಿದ್ದು ಆ ಜಾಗ?"

"ನಮ್ಮತ್ತೆಗೆ ಸಾರ್."

"ಪುಣ್ಯವಂತರು!"

ಸೂಪರ್‌ವೈಸರು ಬೆನ್ನನ್ನು ಫೋಟೊದ ಕಡೆ ಮಾಡಿ ಕೂತು ಊಟದ ಡಬ್ಬಿ ತೆರೆದರು. ಪ್ರಶಸ್ತಿಪತ್ರವನ್ನು ಮನೆಗೆ ತಂದಾಗ ಹೆಂಡತಿ ಅದನ್ನು ಕೈಯಲ್ಲೂ ಮುಟ್ಟಲಿಲ್ಲ. "ಎಲ್ಲಾದ್ರೂ ನೇತು ಹಾಕಿ. ಹಾಕೋ ಮುಂಚೆ ಎಲ್ಲಿ ಹಾಕ್ತೀರಿ ಅಂತ ಅಮ್ಮಂಗೆ ಹೇಳಿ," ಎಂದಳು. ಪ್ರಶಸ್ತಿಪತ್ರ ಬೀರುವಿನ ಹಿಂದಕ್ಕೆ ಹೋಯಿತು.

ಅತ್ತೆ ಮನೆಗೆ ಬರುವ ಮೊದಲು ಎಲ್ಲವನ್ನೂ ಇದ್ದ ಹಾಗೇ ಇಡಬೇಕು. ಇದು ಸೂಪರ್‌ವೈಸರ ಎರಡನೆಯ ಶಪಥ. ಈ ಸಲ ಸದ್ದಿಲ್ಲದೆ ಮಾಡಿದ ಶಪಥ. ಹಾಲಿನ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತರು. ಸೋಫಾ ಎಲ್ಲಿತ್ತು? ಗೋಡೆಗೆ ತಾಗಿತ್ತೇ, ಒಂದು ಗೇಣು ಮುಂದಿತ್ತೇ? ಗಡಿಯಾರದ ಮೊಳೆ ಯಾವುದು? ಗೋಡೆಯಲ್ಲಿ ಮೊಳೆಗಳೇನು ಒಂದೇ ಎರಡೇ! ಹೆಂಡತಿಯನ್ನು ಕೇಳಿದರು. ಅವಳೂ ತಬ್ಬಿಬ್ಬಾದಳು. ದಿನಾ ನೋಡುತ್ತಿದ್ದ ಮನೆ, ಆದರೆ ಇಬ್ಬರಿಗೂ ನೆನಪಿಲ್ಲ. ಕಣ್ಣಿದ್ದವರಿಗೆ ನೆನಪಿಟ್ಟುಕೊಳ್ಳುವ ದರ್ದು ಇರಲಿಲ್ಲ.

ಬೇರೆ ದಾರಿಯಿಲ್ಲದೆ ಸೂಪರ್‌ವೈಸರು ಆಸ್ಪತ್ರೆಗೆ ಫೋನು ಮಾಡಿದರು. ಆಗ ಅಮ್ಮನ ಹಾಸಿಗೆಯ ಪಕ್ಕದಲ್ಲಿದ್ದ ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿ ಅಮ್ಮನ ದಿಂಬಿನ ಮೇಲಿಟ್ಟಳು.

"ಅತ್ತೇ," ಎಂದರು. "ಮನೆ ಹೇಗಿತ್ತು ಅಂತ ಸ್ವಲ್ಪ ಹೇಳ್ತೀರಾ?"

ಅತ್ತೆ ಶುರು ಮಾಡಿದರು. "ಮೊದಲು ಬಾಗಿಲ ಹತ್ರ ಹೋಗಿ. ಒಳಗೆ ಬಂದು ಬಲಗೈ ಚಾಚಿ. ಗೋಡೆ ತಣ್ಣಗಿದೆಯಾ? ಹಾಗೇ ಕೈ ಆಡಿಸ್ತಾ ಬನ್ನಿ, ಸುಣ್ಣ ಎದ್ದು ಒರಟಾಗಿರೋ ಜಾಗ ಸಿಗತ್ತೆ. ಸಿಕ್ತಾ? ಕುರ್ಚಿ ಬೆನ್ನು ಅಲ್ಲಿಗೆ ಬರ್ಬೇಕು."

ಸಿಕ್ಕಿತು. ಇಷ್ಟು ವರ್ಷ ತಮ್ಮದೇ ಮನೆಯ ಆ ಒರಟು ಜಾಗವನ್ನು ಸೂಪರ್‌ವೈಸರು ಒಮ್ಮೆಯೂ ಮುಟ್ಟಿರಲಿಲ್ಲ.

"ಈಗ ಗಡಿಯಾರ. ಫೋನ್ ಸ್ಪೀಕರಿಗೆ ಹಾಕಿ, ಕುರ್ಚಿ ಮೇಲಿಡಿ. ನಾನು ಕೇಳಿ ಹೇಳ್ತೀನಿ."

ಸೂಪರ್‌ವೈಸರು ಗಡಿಯಾರವನ್ನು ಒಂದು ಮೊಳೆಗೆ ತೂಗುಹಾಕಿದರು. "ಊಹುಂ, ದೂರ ಆಯ್ತು." ಇನ್ನೊಂದಕ್ಕೆ. "ಊಹುಂ, ಇದು ಕಿವಿಗೆ ಬಡೀತಾ ಇದೆ." ಆಸ್ಪತ್ರೆಯ ವಾರ್ಡಿನ ಉಳಿದ ರೋಗಿಗಳೂ ಕಿವಿ ನಿಮಿರಿಸಿ, "ಎಡಕ್ಕೆ ಎಡಕ್ಕೆ!" ಎಂದು ಕೂಗತೊಡಗಿದರು. ನರ್ಸು ಬಂದು ಗದರಿದಳು. ಕೊನೆಗೆ ಒಂದು ಮೊಳೆಗೆ ಹಾಕಿದಾಗ ಅತ್ತೆ, "ಹಾಂ! ಅದೇ ನಮ್ಮನೆ," ಎಂದರು. ಅವರ ದನಿಯಲ್ಲಿದ್ದ ಸಂತೋಷ ಕೇಳಿ ಸೂಪರ್‌ವೈಸರು ಸ್ಟೂಲಿನ ಮೇಲೆ ನಿಂತೇ ಕಣ್ಣೊರೆಸಿಕೊಂಡರು.

ಫ್ರಿಜ್ಜು, ಸೋಫಾ, ಮೇಜು, ಡಬ್ಬಿಗಳು, ಎಲ್ಲವೂ ಹೀಗೇ ಊರು ಸೇರಿದವು. ಕೊನೆಗೆ ಅತ್ತೆ ಹೇಳಿದರು, "ಈಗ ಕಣ್ಣು ಮುಚ್ಕೊಂಡು ನೀವೇ ಒಂದು ಸುತ್ತು ನಡೆದು ನೋಡಿ ಅಳಿಯಂದಿರೇ. ಎಲ್ಲೂ ತಾಗಲಿಲ್ಲ ಅಂದ್ರೆ ಸರಿ ಇದೆ ಅಂತ."

ಸೂಪರ್‌ವೈಸರು ಕಣ್ಣು ಮುಚ್ಚಿ ಹೊರಟರು. ಮೇಜು ದಾಟಿದರು, ಫ್ರಿಜ್ಜಿನ ಸದ್ದು ಹಿಡಿದು ತಿರುಗಿದರು, ಅಷ್ಟರಲ್ಲಿ ಕಪಾಟಿಗೆ ಢೀ! ಕಪಾಟಿನ ಮೇಲಿದ್ದ ಹೂದಾನಿ ನೇರವಾಗಿ ಅವರ ಬೋಳುತಲೆಯ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಬಿದ್ದು ಒಡೆಯಿತು. ಒಳಗಿನಿಂದ ಬೀಗದಕೈ ಠಣ್ಣೆಂದು ಹೊರಬಂತು. ಆನೆ ಕೂತಿದ್ದದ್ದು ಅಲ್ಲಿ!

"ಏನದು ಸದ್ದು?" ಎಂದರು ಅತ್ತೆ.

"ಏನಿಲ್ಲ ಅತ್ತೇ. ನಾನೇ."

"ಕಪಾಟು ಅಲ್ಲೇ ಇರತ್ತೆ. ನೀವು ಸುತ್ತು ತಿರುಗೋದು ಬೇಗ ತಿರುಗಿದ್ರಿ. ಇನ್ನೊಂದು ಸಲ."

ಸೂಪರ್‌ವೈಸರು ಇನ್ನೊಂದು ಸಲ ನಡೆದರು. ಮತ್ತೂ ಒಂದು ಸಲ ನಡೆದರು. ಎಲ್ಲೂ ತಾಗದೆ ಬಂದು ಬೆತ್ತದ ಕುರ್ಚಿಯಲ್ಲಿ ಕೂತು, ಹೊಳೆಯುವ ಅದರ ತೋಳುಗಳ ಮೇಲೆ ಅಂಗೈ ಇಟ್ಟುಕೊಂಡರು. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಮರುದಿನ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿಬಿಟ್ಟರು. ಕುರ್ಚಿ ತೆಗೆದದ್ದು ನಾನು, ಮರೆವು ನನ್ನದು, ಅತ್ತೆಯದಲ್ಲ ಎಂದರು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಮರೆವು ಇಲ್ಲ ಅಂತಾದ್ರೆ ಒಳ್ಳೇದು. ಗಾಯ ಮಾಗಿದ ಮೇಲೆ ಮನೇಲಿ ಮೊದಲಿನ ಹಾಗೇ ಒಬ್ಬರೇ ಓಡಾಡಲಿ, ಧೈರ್ಯ ಬಂದ್ರೆ," ಎಂದರು.

ಅತ್ತೆ ಮನೆಗೆ ಬಂದ ದಿನ ಸೂಪರ್‌ವೈಸರು ರಜೆ ಹಾಕಿದ್ದರು. ಹೆಂಡತಿ ಕಾರಿನಿಂದ ಚೀಲಗಳನ್ನು ಇಳಿಸುತ್ತಿದ್ದಳು. ಅತ್ತೆಯ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಅಳಿಯನ ಕೈಯಲ್ಲಿ. ಮೆಲ್ಲನೆ ಮೆಟ್ಟಿಲು ಹತ್ತಿದರು. ಊರುಗೋಲು ಹೊಸ್ತಿಲಿಗೆ ತಾಗಿತು.

ಅತ್ತೆ ನಿಂತರು. ಕಿವಿಗೊಟ್ಟರು. "ಗಡಿಯಾರ ಸರಿಯಾಗಿದೆ," ಎಂದರು.

"ಹೌದತ್ತೇ."

"ಫ್ರಿಜ್ಜೂ ಅಲ್ಲೇ ಇದೆ. ಕುರ್ಚಿ?"

"ಅದೇ ಜಾಗ. ಸುಣ್ಣ ಒರಟಾಗಿರೋ ಕಡೆ. ನಾನೇ ಕಣ್ಣು ಮುಚ್ಕೊಂಡು ಬಂದು ಕೂತು ನೋಡಿದೀನಿ, ದಿನಾ."

ಅತ್ತೆ ತಲೆಯಾಡಿಸಿದರು. ಸೂಪರ್‌ವೈಸರು ಕಾದರು. ಆ ಒಂದು ಮಾತಿಗಾಗಿ ಅವರು ಇಷ್ಟು ದಿನವೂ ಕಾದಿದ್ದರು. ಮಾತು ಬರಲಿಲ್ಲ. ಕೊನೆಗೆ ಅವರೇ ತಮ್ಮ ಹಿಡಿತ ಸಡಿಲಿಸಿ, ಮೆತ್ತಗೆ ಹೇಳಿದರು.

"ಅತ್ತೇ, ಮನೆ ಬಂತು."

"ಗೊತ್ತಾಯ್ತು." ಅತ್ತೆಯ ಬೆರಳುಗಳು ಅವರ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದವು.

"ಎಲ್ಲಾ ಇದ್ದ ಹಾಗೇ ಇದೆ ಅತ್ತೇ. ಒಂದು ಚೂರೂ ಆಚೀಚೆ ಇಲ್ಲ."

"ಇವತ್ತು ಇದೆ ಅಳಿಯಂದಿರೇ," ಎಂದರು ಅತ್ತೆ. ಅದರಲ್ಲಿ ಸಿಟ್ಟಿರಲಿಲ್ಲ. "ನಾಳೆ ನಿಮಗೆ ಇನ್ನೇನು ಹೊಳೆಯತ್ತೋ, ನನಗೆ ಹೇಗೆ ಗೊತ್ತಾಗ್ಬೇಕು?"

ಹೊಸ ಹಲ್ಲು ತೋರಿಸಿ ನಕ್ಕರು. ಕೈ ಮಾತ್ರ ಬಿಡಲಿಲ್ಲ.